ಕಳ್ಳ ನಾಯಿಗೆ ಪಗಾರ ಕೊಡುವವರು ಯಾರು?

ಕನ್ನಡದಲ್ಲಿ ನಾಯಿಯನ್ನು ಕುರಿತ ಗಾದೆಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಆ ಬಡಪ್ರಾಣಿಯ ಪರವಾಗಿ ಮಾತನಾಡುವವು ಬಲು ಕಡಿಮೆ. ಅದರ ಬಾಲ ಡೊಂಕು. ಅದಕ್ಕೆ ಕೆಲಸವಿಲ್ಲ, ಆದರೂ ನಿಲ್ಲಲು ಹೊತ್ತಿಲ್ಲ. ಹುಟ್ಟುಗುಣವೆಂದು ಒಮ್ಮೆ ತೀರ್ಪು ಕೊಟ್ಟುಬಿಟ್ಟರೆ ತಿದ್ದುವ ಶ್ರಮ ತಪ್ಪಿತಲ್ಲವೆ! ಅಡಿಗೆಮನೆಗೆ ನುಗ್ಗಿ ಚಪಾತಿ ಎತ್ತುವ ನಾಯಿಯ ಮಟ್ಟಿಗಂತೂ ಈ ತೀರ್ಪು ಎಲ್ಲ ಮನೆಗಳಲ್ಲಿಯೂ ಸಿದ್ಧವಾಗಿರುತ್ತದೆ. ಈ ಸಲ ಆ ತೀರ್ಪಿನ ಮೇಲೆ ಒಂದು ಅಪೀಲು ಮಾಡಬೇಕೆಂದು ನಾವು ಮನಸ್ಸು ಮಾಡಿದ್ದೇವೆ.

ಊರಿನಲ್ಲಿ ನಾಯಿಯ ಸ್ಥಾನ ಅಂಗಳ. ಅದಕ್ಕೂ ಅಡಿಗೆಮನೆಗೂ ನಡುವೆ ಪಡಸಾಲೆ, ನಡುಮನೆ, ಎರಡು ಹೊಸ್ತಿಲು. ಇಲ್ಲಿ ಪುಣೆಯ ಎರಡು ಕೋಣೆಯ ಬಿಡಾರದಲ್ಲಿ ಒಲೆ, ಊಟದ ತಾಟು, ಅಂಬೆಗಾಲಿಡುವ ಕೂಸು, ನಾಯಿ ಎಲ್ಲವೂ ಹತ್ತು ಹೆಜ್ಜೆಯೊಳಗೆ. ಊರಿನಲ್ಲಿ ಹುಟ್ಟದ ಪ್ರಶ್ನೆ ಇಲ್ಲಿ ದಿನಕ್ಕೆ ಮೂರು ಸಲ ಹುಟ್ಟುತ್ತದೆ.

ನಮ್ಮಲ್ಲಿರುವುದು ಲ್ಯಾಬ್ರಡಾರ್ ಜಾತಿಯದು, ಹೆಸರು ಭೀಮ. ವರ್ಗವಾಗಿ ಹೋದ ನೆರೆಯವರು ನಮಗೆ ಒಪ್ಪಿಸಿ ಹೋದ ಆಸ್ತಿ. ನಾಗರ ಪಂಚಮಿಯ ಉಂಡಿ, ಮುಚ್ಚಳ ಸಡಿಲಿದ ಶೇಂಗಾ ಚಟ್ನಿಯ ಡಬ್ಬಿ, ಕಾಸಲೆಂದು ತೆಗೆದಿಟ್ಟ ಬೆಣ್ಣೆ, ಇವೆಲ್ಲ ಅದರ ಹೊಟ್ಟೆ ಸೇರಿದುವು. ಬೆಣ್ಣೆ ಹೋದ ದಿನ ಧಾರವಾಡದಿಂದ ಬಂದಿದ್ದ ನಮ್ಮ ತಾಯಿಯವರು, “ಒಂದು ನಾ ಇರಬೇಕು, ಇಲ್ಲಾ ಅದು ಇರಬೇಕು. ಯಾರಿಗರೆ ಕೊಟ್ಟು ಕೈ ತೊಳಕೊಳ್ಳಪಾ” ಎಂದು ಖಂಡಿತವಾಗಿ ಹೇಳಿದರು. ಕೊಡುವುದು ಯಾರಿಗೆ? ನಾಲ್ಕು ವರ್ಷದ ಕಳ್ಳನನ್ನು ಯಾರೂ ಸಾಕಿಕೊಳ್ಳರು. ಇಂಥ ನಾಯಿಗಳನ್ನು ಊರ ಹೊರಗೆ ಬಿಟ್ಟು ಬರುವವರುಂಟು. ಹಾಗೆ ಹಸಿವೆಗೆ ಬಿಟ್ಟು ಬರುವುದು ೧೯೬೦ರ ಪ್ರಾಣಿಹಿಂಸೆ ತಡೆಯುವ ಕಾಯಿದೆಯ ೧೧ನೆಯ ಕಲಮಿನಂತೆ ಅಪರಾಧ. ಕಾಯಿದೆ ಹಾಗಿರಲಿ, ಮನೆಯ ತಾಟಿನ ಹತ್ತಿರ ಬೆಳೆದ ಜೀವ ಬೀದಿಯಲ್ಲಿ ಎಷ್ಟು ದಿನ ಬಾಳೀತು?

ಆದುದರಿಂದ ಮೊದಲು ಕಾರಣವನ್ನು ಹುಡುಕಬೇಕಾಯಿತು. ೧೮೯೮ರಲ್ಲಿ ಅಮೇರಿಕೆಯ ಥಾರ್ನ್‌ಡೈಕ್ ಎಂಬ ಪಂಡಿತರು ಹಸಿದ ಬೆಕ್ಕುಗಳನ್ನು ಅಗಳಿಯುಳ್ಳ ಪೆಟ್ಟಿಗೆಗಳಲ್ಲಿಟ್ಟು ಪರೀಕ್ಷಿಸಿದರು. ಯಾವ ಚೇಷ್ಟೆಯಿಂದ ಬಾಗಿಲು ತೆರೆದು ಹೊರಗಿನ ಆಹಾರ ಸಿಕ್ಕಿತೋ ಆ ಚೇಷ್ಟೆ ಉಳಿಯಿತು. ಉಳಿದುವೆಲ್ಲ ಬರಬರುತ್ತ ಬಿಟ್ಟುಹೋದುವು. ಅಂದರೆ, ಪಗಾರ ಬರುವ ಕೆಲಸವನ್ನು ಪ್ರಾಣಿ ಬಿಡುವುದಿಲ್ಲ. ಒಲೆಯ ಕಟ್ಟೆಯ ಮೇಲೆ ಮುಂಗಾಲಿಟ್ಟರೆ ಚಪಾತಿ ಸಿಗುವುದಾದರೆ ಅದು ನಾಯಿಯ ಪಾಲಿಗೆ ಕಳವಲ್ಲ, ನೌಕರಿ.

“ಯಾವಾಗಲೋ ಒಮ್ಮೆ ಸಿಕ್ಕಿರಬಹುದು, ಅಷ್ಟಕ್ಕೇ ಏನಾಯಿತು?” ಎನ್ನುವಿರಾ? ಕೆಡುಕಿರುವುದು ಅಲ್ಲಿಯೇ. ಸ್ಕಿನ್ನರರು ಇಲಿ, ಪಾರಿವಾಳಗಳಲ್ಲಿ ಕಂಡುದೇನೆಂದರೆ, ಪ್ರತಿ ಸಲವೂ ಸಿಗುತ್ತಿದ್ದ ಕಾಳು ನಿಂತರೆ ಪ್ರಾಣಿ ಬೇಗನೆ ಕೈಬಿಡುತ್ತದೆ; ಎಂದಾದರೊಮ್ಮೆ ಸಿಗುತ್ತಿದ್ದ ಕಾಳು ನಿಂತರೆ ಬಹುಕಾಲ ಬಿಡದೆ ಪ್ರಯತ್ನಿಸುತ್ತದೆ. ಕಚೇರಿಯಲ್ಲಿ ಕುಳಿತ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಕಾಗದ ಎಂದೂ ಸರಿಯದೆಂದು ಖಾತ್ರಿಯಾದರೆ ಅರ್ಜಿದಾರ ಮನೆಯಲ್ಲಿ ಕುಳಿತಾನು. ಹತ್ತು ಸಲ ಬಂದಾಗ ಒಮ್ಮೆ ಸರಿದರೆ ಜನ್ಮವಿಡೀ ಬರುತ್ತಾನೆ.

ಇನ್ನು ಬೈಗಳು. ತಪ್ಪು ಮಾಡಿದ ನಾಯಿ ಕಿವಿ ಜೋಲಿಸಿ ಮುಖ ತಿರುಗಿಸುವುದನ್ನು ಕಂಡು “ಅದಕ್ಕೆ ಎಲ್ಲ ತಿಳಿಯುತ್ತದೆ” ಎನ್ನುತ್ತೇವೆ. ಹೋರೊವಿಟ್ಸ್ ಎಂಬ ವಿದುಷಿ ೨೦೦೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ತಿಂದ ನಾಯಿಗೂ ತಿನ್ನದ ನಾಯಿಗೂ ಈ ಮುಖಭಾವದಲ್ಲಿ ಭೇದ ಕಾಣಲಿಲ್ಲ. ಯಜಮಾನ ಗದರಿಸಿದಾಗ ಮಾತ್ರ ಅದು ಹೆಚ್ಚಾಯಿತು. ಅದು ಪಶ್ಚಾತ್ತಾಪವಲ್ಲ, ನಮ್ಮ ಸಿಟ್ಟಿನ ಕನ್ನಡಿ. ಹೊಡೆತದಿಂದ ನಾಯಿ ಕಲಿಯುವುದು ನಾವಿಲ್ಲದಾಗ ಕದಿಯುವುದನ್ನು. ಲ್ಯಾಬ್ರಡಾರಿನದು ಇನ್ನೊಂದು ಕಥೆ: ಸುಮಾರು ನಾಲ್ಕರಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಆಹಾರದ ಆಸೆ ಹೆಚ್ಚಿಸುವ ಒಂದು ಜೀನಿನ ಊನವಿರುವುದನ್ನು ಕೇಂಬ್ರಿಜ್ಜಿನವರು ೨೦೧೬ರಲ್ಲಿ ಕಂಡುಹಿಡಿದರು. ಹಾಗೆಂದು ಶಿಕ್ಷಣ ವ್ಯರ್ಥವಲ್ಲ. ಆಸೆ ಹೆಚ್ಚಿದ್ದವನಿಗೆ ಪಗಾರದ ಪಾಠ ಬೇಗನೆ ಹತ್ತುತ್ತದೆ.

ಮಾಡಬೇಕಾದುದು ಎರಡು. ಮೊದಲನೆಯದು, ಕಳವಿನ ಪಗಾರ ಬಂದು ಮಾಡುವುದು. ಕಟ್ಟೆಯ ಮೇಲೆ ಏನನ್ನೂ ಬಿಡಬಾರದು. ಕಸದ ಡಬ್ಬಿಗೆ ಬಿಗಿ ಮುಚ್ಚಳ ಬೇಕು. ಅಡಿಗೆಯ ಹೊತ್ತಿಗೆ ಬಾಗಿಲಿಗೆ ಅಡ್ಡಹಲಿಗೆ. ಎರಡನೆಯದು, ಬಿಟ್ಟದ್ದಕ್ಕೆ ಪಗಾರ ಕೊಡುವುದು. ಮುಷ್ಟಿಯಲ್ಲಿ ಒಂದು ತುಣುಕು ಹಿಡಿಯಿರಿ. ನಾಯಿ ಮೂಸುತ್ತದೆ, ನೆಕ್ಕುತ್ತದೆ, ಕೆರೆಯುತ್ತದೆ, ಸುಮ್ಮನಿರಿ. ಒಂದು ಕ್ಷಣ ಮೂಗು ಹಿಂದೆಗೆದರೂ “ಭೇಷ್” ಎಂದು ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದುದನ್ನು ಕೊಡಿರಿ. ಇದು ಕುದುರಿದ ಮೇಲೆ “ಬಿಡು” ಎಂಬ ಮಾತನ್ನು ಸೇರಿಸಿರಿ. ಆಮೇಲೆ ತೆರೆದ ಅಂಗೈ, ನೆಲ, ಕಟ್ಟೆಯ ಅಂಚು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ದಿನಕ್ಕೆ ಎರಡು ಸಲ ಐದೈದು ನಿಮಿಷ ಸಾಕು. ಊಟದ ಹೊತ್ತಿಗೆ ಅದಕ್ಕೊಂದು ಚಾಪೆ. ಚಾಪೆಯ ಮೇಲೆ ಮಲಗಿದ್ದರೆ ಅಲ್ಲಿಯೇ ಗಜ್ಜರಿಯ ಚೂರು. ತಾಟಿನಿಂದ ಮಾತ್ರ ಯಾರೂ ಕೊಡಕೂಡದು.

ಮೂರು ವಾರವಾದರೂ ನಮ್ಮ ಭೀಮ ಚಾಪೆ ಬಿಟ್ಟು ತಾಯಿಯವರ ತಾಟಿನ ಬಳಿಯೇ ಹೋಗಿ ಕೂಡುತ್ತಿತ್ತು. ಸೋಜಿಗವೆನಿಸಿತು. ನಮ್ಮ ಮನೆಯವರು ಸದ್ದಿಲ್ಲದೆ ಶೋಧ ನಡೆಸಿದಾಗ ಗುಟ್ಟು ಹೊರಬಿತ್ತು: ನಾಯಿಯನ್ನು ಕೊಟ್ಟುಬಿಡೆಂದವರೇ ರೊಟ್ಟಿಯ ಅಂಚನ್ನು ಮುರಿದು ಸೆರಗಿನ ಮರೆಯಲ್ಲಿ ಕೆಳಗೆ ಹಾಕುತ್ತಿದ್ದರು! “ಬಾಯಿ ನೋಡಿಕೋತ ಕೂತರ ನನಗ ತುತ್ತು ಇಳಿಯೂದಿಲ್ಲವಾ” ಎಂದರು. ಆ ಮಾತಿಗೆ ಎದುರು ಹೇಳುವುದುಂಟೆ? ಚಾಪೆಯ ಬಟವಾಡೆಯನ್ನೇ ಅವರಿಗೆ ಒಪ್ಪಿಸಿದೆವು. ಊಟಕ್ಕೆ ಕೂಡುವ ಮೊದಲು ಬಟ್ಟಲಲ್ಲಿ ಎಣಿಸಿಟ್ಟ ಚೂರುಗಳು, ಕೊಡುವ ಅಧಿಕಾರ ಅವರದೊಂದೇ, ಸ್ಥಳ ಚಾಪೆಯೊಂದೇ. ಎರಡು ತಿಂಗಳಲ್ಲಿ ಭೀಮ ತಾಟು ಕಂಡೊಡನೆ ತಾನಾಗಿ ಚಾಪೆಗೆ ಓಡತೊಡಗಿತು. ಊರಿಗೆ ಹೋಗುವ ಮಾತು ಬಂದಾಗ ತಾಯಿಯವರು, “ನಾ ಹೋದರ ಇದಕ್ಕ ಯಾರು ಕೊಡತಾರ?” ಎಂದು ಕೇಳಿದರು.

ಕೂಸುಗಳಿರುವ ಮನೆಯವರು ಎರಡು ಮಾತು ನೆನಪಿಡಬೇಕು. ನಾಯಿ ಏನನ್ನಾದರೂ ಕಚ್ಚಿಕೊಂಡಾಗ ಬೆನ್ನಟ್ಟಬಾರದು, ಬಾಯಿಗೆ ಕೈ ಹಾಕಬಾರದು. ಅವಸರದಿಂದ ನುಂಗುವುದನ್ನೋ ಕಚ್ಚುವುದನ್ನೋ ಅದು ಕಲಿತೀತು. ಬೇರೊಂದು ತುಣುಕು ತೋರಿಸಿ ಬದಲಿಸಿಕೊಳ್ಳಬೇಕು. ಮತ್ತು ಕೆಲವು ತಿನಿಸು ಅದಕ್ಕೆ ವಿಷ: ಪಾಯಸದ ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲುದು, ಉಳ್ಳಾಗಡ್ಡಿ ಬೆಳ್ಳುಳ್ಳಿ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ, ಚಾಕೊಲೇಟು ಹೃದಯಕ್ಕೆ ಕೆಟ್ಟದ್ದು. ತಿಂದುದು ತಿಳಿದೊಡನೆ ಪಶುವೈದ್ಯರಲ್ಲಿಗೆ ಒಯ್ಯಬೇಕು, ಮನೆಮದ್ದು ಬೇಡ. ಮೊದಲಿಲ್ಲದ ಹಸಿವೆ ಒಮ್ಮೆಲೆ ಹೆಚ್ಚಿದರೂ ಅವರಿಗೇ ತೋರಿಸಬೇಕು. ಜಂತುವಿನಿಂದ ಹಿಡಿದು ಸಕ್ಕರೆ ಬೇನೆಯವರೆಗೆ ಕಾರಣಗಳುಂಟು.

ಹೋಳಿಗೆಯ ತಾಟನ್ನು ನೆಲದ ಮೇಲಿಟ್ಟು ಬಾಗಿಲು ತೆರೆಯಲು ಹೋಗಬಹುದೆಂದು ಮಾತ್ರ ನಾವು ಯಾರಿಗೂ ಭರವಸೆ ಕೊಡಲಾರೆವು. ಅಷ್ಟು ಸಂಯಮ ನಮ್ಮ ಕಚೇರಿಯ ಮಿತ್ರರಲ್ಲಿಯೂ ಕಂಡಿಲ್ಲ. ಆದರೆ ನಿಮ್ಮ ಮನೆಯ ನಾಯಿಯನ್ನು ತಿದ್ದಲು ಹೊರಡುವ ಮುನ್ನ ಅದು ಯಾರ ಕಡೆಗೆ ನೋಡುತ್ತ ಕೂಡುತ್ತದೆಂದು ಒಂದು ವಾರ ಗಮನಿಸಿರಿ. ಪಗಾರ ಬರುವ ಕಿಟಕಿ ಅಲ್ಲಿಯೇ ಇರುತ್ತದೆ.