ಅಂಚು ಅಳೆದಿರಿ, ಅಕ್ಷರ ನೋಡಿದಿರಾ?

ವಿಶ್ವವಿದ್ಯಾಲಯವೊಂದರ ಗೇಟಿನೆದುರು ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಎರಡು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು, ಹಿಂದಿನ ಕೋಣೆಯಲ್ಲಿ ಬೈಂಡಿಂಗ್ ನೋಡಿಕೊಳ್ಳುವ ನನ್ನ ತಮ್ಮ. ಇಪ್ಪತ್ತೆರಡು ವರ್ಷಗಳಿಂದ ಪಿಎಚ್.ಡಿ. ಪ್ರಬಂಧಗಳನ್ನು ಟೈಪ್ ಮಾಡಿ, ಪುಟ ಹೊಂದಿಸಿ, ರೆಕ್ಸಿನ್ ಹೊದಿಸಿ, ಬೆನ್ನಿಗೆ ಬಂಗಾರದ ಬಣ್ಣದ ಅಕ್ಷರ ಒತ್ತಿ ಕೊಡುತ್ತ ಬಂದಿದ್ದೇನೆ. ಮುಕ್ಕಾಲು ಪಾಲು ಕನ್ನಡದ ಪ್ರಬಂಧಗಳೇ. ಸಲ್ಲಿಕೆಯ ಕೊನೆಯ ವಾರ ಸಂಶೋಧಕರು ಪಡುವ ಪಾಡನ್ನು ಅವರ ಮಾರ್ಗದರ್ಶಕರಿಗಿಂತ ಹತ್ತಿರದಿಂದ ಕಂಡವಳು ನಾನು. ಆ ಸಲುಗೆಯಿಂದಲೇ ನಮ್ಮ ವಿಶ್ವವಿದ್ಯಾಲಯಗಳಿಗೆ ಒಂದು ಮಾತು ಹೇಳಬೇಕಿದೆ.

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಹೆಣ್ಣುಮಗಳೊಬ್ಬಳು ಐದು ಪ್ರತಿಗಳನ್ನು ಎದೆಗವಚಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ತಾಲ್ಲೂಕಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬೇರೆಡೆ ಟೈಪ್ ಮಾಡಿಸಿ, ಬೈಂಡ್ ಮಾಡಿಸಿ, ಬೆಳಿಗ್ಗೆಯೇ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಸಲ್ಲಿಸುವ ಕೌಂಟರಿಗೆ ಹೋಗಿದ್ದಳು. ಅಲ್ಲಿ ಅಡಿಪಟ್ಟಿ ಇಟ್ಟು ಎಡ ಅಂಚು ಅಳೆದಿದ್ದಾರೆ. ಒಂದೂವರೆ ಇಂಚು ಇರಬೇಕಾದದ್ದು ಒಂದೂಕಾಲು ಇತ್ತು. ಪ್ರತಿ ವಾಪಸ್. ಮಹಿಳೆಯರಿಗೆ ಸಿಗುವ ಎರಡು ವರ್ಷದ ಹೆಚ್ಚಿನ ಅವಕಾಶವೂ ಸೇರಿ ಅವಳ ಎಂಟು ವರ್ಷದ ಅವಧಿ ಮಾರನೆಯ ದಿನ ಸಂಜೆಗೆ ಮುಗಿಯುವುದಿತ್ತು.

ಕಾಲು ಇಂಚು ಎಂದರೆ ಕೇಳುವವರಿಗೆ ಏನೂ ಅಲ್ಲ. ಆದರೆ ಅಂಚು ಬದಲಾದರೆ ಸಾಲು ಒಡೆಯುವ ಜಾಗ ಬದಲಾಗುತ್ತದೆ, ಪುಟಗಳು ಹೆಚ್ಚಾಗುತ್ತವೆ. ಅವಳ 312 ಪುಟ 327 ಆಯಿತು. ಪರಿವಿಡಿಯ ಪುಟಸಂಖ್ಯೆಗಳನ್ನು ಕೈಯಲ್ಲೇ ಟೈಪ್ ಮಾಡಿಸಿದ್ದರಿಂದ ಒಂದೊಂದನ್ನೂ ತಿದ್ದಬೇಕಾಯಿತು. ಕೋಷ್ಟಕಗಳು ಅರ್ಧಕ್ಕೆ ತುಂಡಾಗಿ ಮುಂದಿನ ಪುಟಕ್ಕೆ ಜಾರಿದವು. ರಾತ್ರಿ ಎರಡಕ್ಕೆ ಮುದ್ರಣ ಶುರು ಮಾಡಿದೆವು. 1,635 ಹಾಳೆ, ಹಾಳೆಗೆ ಎರಡು ರೂಪಾಯಿಯಂತೆ 3,270 ರೂಪಾಯಿ, ಬೈಂಡಿಂಗ್ ಬೇರೆ. ಎರಡು ತಿಂಗಳಿಂದ ಅವಳಿಗೆ ಗೌರವಧನ ಬಂದಿರಲಿಲ್ಲ. ಮಾರನೆಯ ದಿನ ಮೂರು ಗಂಟೆಗೆ ಪ್ರತಿಗಳು ಸ್ವೀಕೃತವಾದವು. ಅವಳು ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು ಅತ್ತಳು.

ಅಂಚಿನ ನಿಯಮವನ್ನು ನಾನು ಹಳಿಯುವುದಿಲ್ಲ. ಹೊಲಿಗೆ ಮತ್ತು ಅಂಟು ಎಡಗಡೆ ಅರ್ಧ ಇಂಚು ನುಂಗುತ್ತವೆ. ಜಾಗ ಬಿಡದಿದ್ದರೆ ಸಾಲಿನ ಮೊದಲ ಅಕ್ಷರ ಬೈಂಡಿನೊಳಗೆ ಸೇರಿಹೋಗುತ್ತದೆ. ಬೈಂಡರನ ಅಕ್ಕನಾಗಿ ಅದು ನನಗೆ ಗೊತ್ತು. ನನ್ನನ್ನು ಇಂದಿಗೂ ಕಾಡುವುದು ಬೇರೆ ಸಂಗತಿ. ಆ ಐದು ಪ್ರತಿಗಳ ಜೊತೆ ಒಂದು ಸಿ.ಡಿ. ಕೊಟ್ಟಿದ್ದೆವು. ಕೌಂಟರಿನಲ್ಲಿ ಅದನ್ನು ಯಾರೂ ತೆರೆದು ನೋಡಲಿಲ್ಲ. ಕಾಗದದ ಅಂಚಿಗೆ ಅಷ್ಟು ಕಣ್ಣಿಟ್ಟವರು, ಮುಂದೆ ಜಗತ್ತೆಲ್ಲ ಓದಬೇಕಾದ ಕಡತದೊಳಗೆ ಏನಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ಯಾಕೆ ಕೇಳಬೇಕಿತ್ತು ಎಂಬುದಕ್ಕೆ ಇನ್ನೊಂದು ಘಟನೆ ಹೇಳುತ್ತೇನೆ. 2011ರಲ್ಲಿ ನಾನೊಂದು ಪ್ರಬಂಧ ಟೈಪ್ ಮಾಡಿದ್ದೆ. ಸವದತ್ತಿ ಎಲ್ಲಮ್ಮನ ಜೋಗತಿಯರು ಚೌಡಿಕೆ ನುಡಿಸುತ್ತ ಹಾಡುವ ಪದಗಳ ಮೇಲಿನ ಸಂಶೋಧನೆ ಅದು. ಸಂಶೋಧಕರು ಕ್ಯಾಸೆಟ್ ಹಾಕಿ, ಒಂದೊಂದು ಸಾಲು ಕೇಳಿಸಿ, ನಿಲ್ಲಿಸಿ, ಹೇಳುತ್ತಿದ್ದರು. ನಾನು ಟೈಪ್ ಮಾಡುತ್ತಿದ್ದೆ. ಹಾಡುತ್ತಿದ್ದ ಅಜ್ಜಿಯ ಕೆಮ್ಮೂ ಕೇಳಿಸುತ್ತಿತ್ತು. ಮೌಖಿಕ ಪರೀಕ್ಷೆ ನಡೆಯುವಷ್ಟರಲ್ಲಿ ಅಜ್ಜಿ ತೀರಿಕೊಂಡರು. ಕ್ಯಾಸೆಟ್ ಬೂಸ್ಟು ಹಿಡಿಯಿತು. ಆ ಪದಗಳು ಉಳಿದದ್ದು ನಾನು ಟೈಪ್ ಮಾಡಿದ ಪುಟಗಳಲ್ಲಿ ಮಾತ್ರ.

ಕಳೆದ ವರ್ಷ ಹೊಸ ಸಂಶೋಧಕಿಯೊಬ್ಬಳು ಬಂದಳು. ಚೌಡಿಕೆ ಪದಗಳ ಬಗ್ಗೆ ಈ ಮೊದಲು ಯಾರೂ ಕೆಲಸ ಮಾಡಿಲ್ಲ, ಶೋಧಗಂಗಾದಲ್ಲಿ ಹುಡುಕಿದರೂ ಸಿಗಲಿಲ್ಲ ಎಂದಳು. ನನ್ನ ಎದೆ ಝಲ್ಲೆಂದಿತು. ಶೋಧಗಂಗಾ ಎಂದರೆ ದೇಶದ ಪಿಎಚ್.ಡಿ. ಪ್ರಬಂಧಗಳನ್ನೆಲ್ಲ ಒಂದೆಡೆ ಇಡುವ ಭಂಡಾರ. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಅದನ್ನು ನಡೆಸುತ್ತದೆ. ಪದವಿ ಘೋಷಣೆಗೆ ಮೊದಲೇ ಪ್ರಬಂಧದ ವಿದ್ಯುನ್ಮಾನ ಪ್ರತಿ ಅಲ್ಲಿಗೆ ಹೋಗಬೇಕೆಂದು ಯುಜಿಸಿಯ 2016ರ ಮತ್ತು 2022ರ ನಿಯಮಾವಳಿಗಳು ಸ್ಪಷ್ಟವಾಗಿ ಹೇಳುತ್ತವೆ. ವಿಭಾಗದ ಹೆಸರು ಹಿಡಿದು ಒಂದೊಂದೇ ಪ್ರಬಂಧ ನೋಡುತ್ತ ಹೋದೆವು. ನಾನು ಟೈಪ್ ಮಾಡಿದ ಪ್ರಬಂಧ ಅಲ್ಲೇ ಇತ್ತು. ತೆರೆದು, ಹುಡುಕುವ ಚೌಕದಲ್ಲಿ 'ಚೌಡಿಕೆ' ಎಂದು ಬರೆದೆವು. ಪುಟಪುಟದಲ್ಲೂ ಇರುವ ಪದ. ಸಿಕ್ಕ ಫಲಿತಾಂಶ ಸೊನ್ನೆ.

ಕಾರಣ ನನಗೆ ತಕ್ಷಣ ಹೊಳೆಯಿತು. ಅದನ್ನು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಈ ಎರಡೂ ನನ್ನಂಥ ಸಾವಿರಾರು ಜನರಿಗೆ ಅನ್ನ ಕೊಟ್ಟಿವೆ, ಕನ್ನಡವನ್ನು ಕಂಪ್ಯೂಟರಿಗೆ ಹತ್ತಿಸಿವೆ. ಅವುಗಳ ಋಣ ದೊಡ್ಡದು. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕಣ್ಣಿಗೆ ಕನ್ನಡ ಕಾಣುತ್ತದೆ, ಕಡತದೊಳಗೆ ಇರುವುದು ಇಂಗ್ಲಿಷ್ ಗುರುತುಗಳು. 'ಕನ್ನಡ' ಎಂಬ ಪದವನ್ನೇ ಪ್ರತಿ ಮಾಡಿ ಬೇರೆಡೆ ಅಂಟಿಸಿ ನೋಡಿ: ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಮತ್ತೆ ಎ. ಮೂರಕ್ಷರದ ನಮ್ಮ ನುಡಿಯ ಹೆಸರು ಏಳು ಪರಕೀಯ ಗುರುತುಗಳಾಗಿ ಬೀಳುತ್ತದೆ. ಹುಡುಕುವ ಯಂತ್ರಕ್ಕೆ ಅಲ್ಲಿ ಕನ್ನಡವೇ ಇಲ್ಲ.

ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಗುರುತು ಕೊಡುವ ಯುನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿದ್ದು 1991ರ ಮೊದಲ ಆವೃತ್ತಿಯಲ್ಲೇ. ಮೊಬೈಲಿನಲ್ಲಿ ನಾವು ಕಳಿಸುವ ಪ್ರತಿಯೊಂದು ಕನ್ನಡ ಸಂದೇಶವೂ ಅದರಲ್ಲೇ ಇದೆ. ಆದರೂ ಇವತ್ತಿಗೂ ನನ್ನ ಅಂಗಡಿಗೆ ಬರುವ ಸಂಶೋಧಕರ ಕೈಯಲ್ಲಿ ಇರುವ ಸೂಚನಾ ಪತ್ರ ಇಂಗ್ಲಿಷಿನದು. ಅಕ್ಷರ 'ಟೈಮ್ಸ್ ನ್ಯೂ ರೋಮನ್', ಗಾತ್ರ 12 ಎಂದಿರುತ್ತದೆ. ಟೈಮ್ಸ್ ನ್ಯೂ ರೋಮನ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. 'ಕನ್ನಡಕ್ಕೆ ಏನು ಮಾಡಲಿ ಅಕ್ಕಾ?' ಎಂದು ಅವರು ನನ್ನನ್ನು ಕೇಳುತ್ತಾರೆ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಎಷ್ಟು ಅಂತರ ಬೇಕು, ಯಾವ ಫಾಂಟು, ಯಾವ ಗಾತ್ರ, ಎಲ್ಲವನ್ನೂ ಗೇಟಿನೆದುರಿನ ಅಂಗಡಿಯವಳು ತೀರ್ಮಾನಿಸುತ್ತಾಳೆ. ಅಂಗಡಿಗೊಂದು ತೀರ್ಮಾನ. ಹಳೆಯ ಪೇಜ್‌ಮೇಕರನ್ನೇ ನಂಬಿರುವ ಅಂಗಡಿಗಳಲ್ಲಿ ಯುನಿಕೋಡ್ ನಡೆಯುವುದೇ ಇಲ್ಲ, ಹಾಗಾಗಿ ಅಲ್ಲಿ ಹಳೆಯ ಫಾಂಟೇ ಗತಿ.

ಗ್ರಂಥಋಣದ ಪಟ್ಟಿಯ ಕಷ್ಟವೂ ಇಂಥದೇ. ಮನೆತನದ ಹೆಸರು ಮೊದಲು ಬರೆಯಿರಿ ಎನ್ನುತ್ತದೆ ಸೂಚನೆ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಹೆಸರಿನ ಮುಂದಿರುವುದು ಊರಿನ, ತಂದೆಯ ಮೊದಲಕ್ಷರ. ಕುವೆಂಪು ಅವರನ್ನು 'ಕ' ಅಡಿಯಲ್ಲಿ ಇಡಬೇಕೋ 'ಪ' ಅಡಿಯಲ್ಲಿ ಪುಟ್ಟಪ್ಪ ಎಂದು ಇಡಬೇಕೋ ಎಂದು ಹೇಳುವವರಿಲ್ಲ. ಒಂದೇ ಪ್ರಬಂಧದಲ್ಲಿ ಎರಡೂ ಕಡೆ ಇದ್ದುದನ್ನು ನಾನೇ ತೋರಿಸಿ ತಿದ್ದಿಸಿದ್ದೇನೆ. ಹಳೆಯ ಫಾಂಟಿನಲ್ಲಿ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಕಂಪ್ಯೂಟರು ಒಳಗಿರುವ ಇಂಗ್ಲಿಷ್ ಗುರುತುಗಳ ಕ್ರಮದಲ್ಲಿ ಜೋಡಿಸುತ್ತದೆ. ಮುನ್ನೂರು ಪುಸ್ತಕಗಳ ಪಟ್ಟಿಯನ್ನು ಕೈಯಲ್ಲಿ ಜೋಡಿಸಿದ ರಾತ್ರಿಗಳು ನನಗೆ ನೆನಪಿವೆ.

ಇನ್ನೂ ಗಂಭೀರವಾದದ್ದು ಕೃತಿಚೌರ್ಯದ ತಪಾಸಣೆ. ಯುಜಿಸಿಯ 2018ರ ನಿಯಮದ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಅದು ಶೇ 10 ದಾಟಿ 40ರೊಳಗಿದ್ದರೆ ಆರು ತಿಂಗಳೊಳಗೆ ತಿದ್ದಿ ಮರುಸಲ್ಲಿಸಬೇಕು, ಶೇ 60 ಮೀರಿದರೆ ನೋಂದಣಿಯೇ ರದ್ದು. ಒಳ್ಳೆಯ ನಿಯಮ. ಆದರೆ ಹಳೆಯ ಫಾಂಟಿನ ಕಡತವನ್ನು ತಂತ್ರಾಂಶಕ್ಕೆ ಕೊಟ್ಟರೆ ಅದಕ್ಕೆ ಕಾಣುವುದು ಪಿ, ಪೌಂಡು, ಕ್ಯೂಗಳ ರಾಶಿ. ಅದನ್ನು ಯಾವ ಕನ್ನಡ ಲೇಖನದ ಜೊತೆ ಹೋಲಿಸಬೇಕು? ಕದ್ದವರಿಗೂ ಪ್ರಾಮಾಣಿಕರಿಗೂ ಒಂದೇ ಪ್ರಮಾಣಪತ್ರ ಸಿಗುತ್ತದೆ. ನಾಲ್ಕು ವರ್ಷ ಹಳ್ಳಿಹಳ್ಳಿ ತಿರುಗಿ ಬರೆದ ಸಂಶೋಧಕಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ?

ವಿಶ್ವವಿದ್ಯಾಲಯಗಳನ್ನು ನಾನು ಕೇಳುವುದು ನಾಲ್ಕೇ ಕೆಲಸ. ಮೊದಲನೆಯದು, ಕನ್ನಡ ಪ್ರಬಂಧಕ್ಕೆ ಕನ್ನಡದಲ್ಲೇ ನಿಯಮ ಬರೆಯಿರಿ. ಯಾವ ಯುನಿಕೋಡ್ ಫಾಂಟು, ಎಷ್ಟು ಗಾತ್ರ, ಸಾಲುಗಳ ನಡುವೆ ಎಷ್ಟು ಅಂತರ, ಹೆಸರುಗಳ ಕ್ರಮ ಹೇಗೆ ಎಂಬುದೆಲ್ಲ ಅದರಲ್ಲಿರಲಿ. ಅಂಚು, ಶೀರ್ಷಿಕೆ, ಪರಿವಿಡಿ ಎಲ್ಲ ಸಿದ್ಧವಿರುವ ಮಾದರಿ ಕಡತವೊಂದನ್ನು ನೋಂದಣಿಯ ದಿನವೇ ವಿದ್ಯಾರ್ಥಿಯ ಕೈಗೆ ಕೊಡಿ. ಆಗ ಕಾಲು ಇಂಚಿನ ಕಣ್ಣೀರೂ ಇರುವುದಿಲ್ಲ.

ಎರಡನೆಯದು, ಅಡಿಪಟ್ಟಿ ಇಡುವ ಕೌಂಟರಿನಲ್ಲೇ ಕಡತ ತೆರೆಯಿರಿ. ಒಂದು ಪದ ಹುಡುಕಿ, ಒಂದು ಸಾಲು ಪ್ರತಿ ಮಾಡಿ ಬೇರೆಡೆ ಅಂಟಿಸಿ. ಒಂದು ನಿಮಿಷದ ಕೆಲಸ. ಯುನಿಕೋಡಿನಲ್ಲಿ ಟೈಪ್ ಮಾಡಿದ್ದರೂ ಪಿಡಿಎಫ್ ಆಗುವಾಗ ಕೆಲವೊಮ್ಮೆ ಒತ್ತಕ್ಷರಗಳು ಕೆಡುತ್ತವೆ. ಆದ್ದರಿಂದ ಪಿಡಿಎಫ್ ಜೊತೆಗೆ ಮೂಲ ಕಡತವನ್ನೂ ಪಡೆದು ಇಟ್ಟುಕೊಳ್ಳಿ.

ಮೂರನೆಯದು, ಪರೀಕ್ಷಕರಿಗೆ ಮೊದಲು ವಿದ್ಯುನ್ಮಾನ ಪ್ರತಿ ಕಳಿಸಿ. ಮೌಖಿಕ ಪರೀಕ್ಷೆ ಮುಗಿದು, ಅವರು ಸೂಚಿಸಿದ ತಿದ್ದುಪಡಿ ಆದ ಮೇಲೆ ಗಟ್ಟಿ ಬೈಂಡಿನ ಪ್ರತಿ ಕೇಳಿ. ಇದರಿಂದ ನನ್ನ ಅಂಗಡಿಯ ಸಂಪಾದನೆ ಕಡಿಮೆಯಾಗುತ್ತದೆ, ಆಗಲಿ. ಗೌರವಧನವಿಲ್ಲದ ಹುಡುಗಿಯ 3,270 ರೂಪಾಯಿ ನನಗೆ ಬೇಡ.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು. ಹಳೆಯ ಫಾಂಟಿನಲ್ಲಿರುವ ಪ್ರಬಂಧಗಳನ್ನು ಯುನಿಕೋಡಿಗೆ ತನ್ನಿ. ಪರಿವರ್ತಕ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ, ಆದರೆ ಅವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅರ್ಕಾವತ್ತು ಜಾಗ ತಪ್ಪಿ 'ಧರ್ಮ' 'ಧಮರ್' ಆಗುತ್ತದೆ, 'ಕರ್ನಾಟಕ' 'ಕನಾರ್ಟಕ' ಆಗುತ್ತದೆ. ಕನ್ನಡ ಬಲ್ಲವರು ಕೂತು ಓದಿ ತಿದ್ದಬೇಕು. ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಪುಟಕ್ಕಿಷ್ಟು ಎಂದು ಸಂಭಾವನೆ ಕೊಟ್ಟರೆ ಅವರಿಗೆ ನಾಲ್ಕು ಕಾಸು ಸಿಗುತ್ತದೆ, ಓದೂ ಆಗುತ್ತದೆ.

ಕಲಿತ ಕೈ ಬದಲಾಗದು ಎನ್ನುವ ಹಿರಿಯ ಪ್ರಾಧ್ಯಾಪಕರಿದ್ದಾರೆ. ಅವರಿಗೆ ಒಂದು ಸಮಾಧಾನ ಹೇಳುತ್ತೇನೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲೇ ಯುನಿಕೋಡನ್ನೂ ಟೈಪ್ ಮಾಡಬಹುದು. ಬೆರಳು ಒತ್ತುವ ಕೀಲಿ ಅದೇ, ಒಳಗೆ ಉಳಿಯುವ ಅಕ್ಷರ ಮಾತ್ರ ಬೇರೆ. ನನಗೆ ಬದಲಾಗಲು ಒಂದು ವಾರವೂ ಹಿಡಿಯಲಿಲ್ಲ.

ಪ್ರಬಂಧವೆಂದರೆ ಪದವಿಗೆ ಕಟ್ಟುವ ಕಂದಾಯ ಎಂದು ತಿಳಿದವರಿಗೆ ಇದೆಲ್ಲ ಅತಿಯಾದ ಕಾಳಜಿ ಎನಿಸಬಹುದು. ಆದರೆ ಎಂ. ಚಿದಾನಂದಮೂರ್ತಿ ಅವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಕೂಡ ಒಂದು ಪಿಎಚ್.ಡಿ. ಪ್ರಬಂಧವೇ. 1966ರಲ್ಲಿ ಪುಸ್ತಕವಾಗಿ ಬಂದ ಅದನ್ನು ಇವತ್ತಿಗೂ ಸಂಶೋಧಕರು ಬಗಲಲ್ಲಿಟ್ಟುಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಎಲ್ಲ ಪ್ರಬಂಧಗಳಿಗೂ ಪುಸ್ತಕವಾಗುವ ಭಾಗ್ಯ ಇರುವುದಿಲ್ಲ. ಉಳಿದವಕ್ಕೆ ಆ ಕಡತವೇ ಪುಸ್ತಕ, ಆ ಅಕ್ಷರವೇ ಆಯುಷ್ಯ.

ಜೋಗತಿಯರ ಪ್ರಬಂಧದ ಕಥೆ ಹೇಳಿ ಮುಗಿಸುತ್ತೇನೆ. ನನ್ನ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಆ ಕಡತ ಇತ್ತು. ಬರೆದವರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದೆ. ಅಂಗಡಿ ಮುಚ್ಚಿದ ಮೇಲೆ ಮೂರು ಸಂಜೆ ಕೂತು ಪದಗಳ ಅಧ್ಯಾಯವನ್ನು ಯುನಿಕೋಡಿಗೆ ತಂದೆವು. ಹೊಸ ಸಂಶೋಧಕಿ ಮೂಲ ಪ್ರತಿ ನೋಡಿ ಓದುತ್ತಿದ್ದಳು, ನಾನು ಅರ್ಕಾವತ್ತುಗಳನ್ನು ಅವುಗಳ ಜಾಗಕ್ಕೆ ಮರಳಿಸುತ್ತಿದ್ದೆ. ಕೊನೆಗೆ 'ಚೌಡಿಕೆ' ಎಂದು ಹುಡುಕಿದೆವು. 86 ಕಡೆ ಸಿಕ್ಕಿತು. ಅವಳು ಮೊದಲನೆಯದಕ್ಕೆ ಹೋಗಿ ಆ ಪದವನ್ನು ಸಣ್ಣ ದನಿಯಲ್ಲಿ ಹಾಡಿಕೊಂಡಳು. ಅಜ್ಜಿ ಹಾಡಿದ ಧಾಟಿ ಅದಾಗಿರಲಿಲ್ಲ, ಅದು ಅವಳಿಗೆ ಗೊತ್ತಿರುವುದೂ ಸಾಧ್ಯವಿರಲಿಲ್ಲ. ಆದರೆ ಮಾತುಗಳು ಅಜ್ಜಿಯವೇ ಆಗಿದ್ದವು, ಒಂದಕ್ಷರವೂ ತಪ್ಪದೆ.