ಹೆಬ್ಬೆರಳಿಗೆ ಶೇಕಡ ಮೂವತ್ತು

ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದವನ ಕೈ ಕಬ್ಬಿನ ಜೊತೆಗೇ ಒಳಗೆ ಹೋಗುತ್ತದೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಕಣ್ಣು ಎಳೆಯುತ್ತಿದ್ದ ಹೊತ್ತು. ಯಾರೋ ಓಡಿ ಮೋಟಾರು ನಿಲ್ಲಿಸುವಷ್ಟರಲ್ಲಿ ಬಲಗೈ ಹೆಬ್ಬೆರಳು ಇಲ್ಲ. ಟವಲು ಸುತ್ತಿ ಆಸ್ಪತ್ರೆಗೆ ಸಾಗಿಸುತ್ತಾರೆ. ಮೂರನೇ ದಿನ ಧಣಿ ಹಣ್ಣು ಹಿಡಿದು ಬರುತ್ತಾನೆ. "ಆಗಿದ್ದಾಯ್ತು ಬುಡ್ಲಾ. ನಿನ್ನ ಹಣೇಬರ. ನಾನೇನು ಕೈ ಬುಡ್ತೀನಾ? ತಕೊ, ಹತ್ತು ಸಾವ್ರ. ಇಲ್ಲೊಂದು ಹೆಬ್ಬೆಟ್ಟು ಒತ್ತು" ಎನ್ನುತ್ತಾನೆ. ಅವನ ಅವ್ವ ಕೈಮುಗಿದು, "ನಿಮ್ಮ ಕಾಲ್ದೆಸೇಲಿ ಬದುಕ್ಕೋತೀವಿ ಬುದ್ಧಿ" ಎನ್ನುತ್ತಾಳೆ.

ಬಲಗೈ ಹೆಬ್ಬೆರಳನ್ನು ಗಾಣ ತಿಂದಿತು. ಎಡಗೈ ಹೆಬ್ಬೆರಳನ್ನು ಕಾಗದ ತಿಂದಿತು.

ಗೆಳೆಯರೇ, ಇದು ಒಂದು ಊರಿನ ಮಾತಲ್ಲ. ಅಕ್ಕಿ ಗಿರಣಿ, ಕಲ್ಲುಕ್ವಾರಿ, ಇಟ್ಟಿಗೆ ಗೂಡು, ಪಟ್ಟಣದ ಕಟ್ಟಡ, ಎಲ್ಲಿ ನೋಡಿದರೂ ಇದೇ ಹಣ್ಣು, ಇದೇ ಹತ್ತು ಸಾವಿರ, ಇದೇ ಕಾಗದ. ಹೆಬ್ಬೆರಳು ಕೇಳುವುದು ಈ ದೇಶದ ಹಳೇ ಚಾಳಿ. ಏಕಲವ್ಯನ ಹತ್ತಿರ ಅದನ್ನು ಗುರುದಕ್ಷಿಣೆ ಅಂತ ಕೇಳಿದರು. ಅವನು ಕೊಟ್ಟಿದ್ದನ್ನು ಗುರುಭಕ್ತಿ ಅಂತ ಹೊಗಳಿ ನಮ್ಮ ಮಕ್ಕಳಿಗೆ ಪಾಠ ಮಾಡಿದರು. ಈಗ ಅದಕ್ಕೆ ಆಕ್ಸಿಡೆಂಟು ಅಂತ ಹೆಸರು. ಹೆಸರು ಬದಲಾಗಿದೆ, ಬೆರಳು ಬರುವ ಕೇರಿ ಬದಲಾಗಿಲ್ಲ.

ನಾವು ಹೇಳಬೇಕಾದ್ದು ಒಂದೇ. ಕೆಲಸದಲ್ಲಿ ಏಟು ಬಿದ್ದವನಿಗೆ ಸಿಗುವ ಪರಿಹಾರ ಧಣಿ ಮಾಡುವ ಧರ್ಮ ಅಲ್ಲ. ಅದು ಧಣಿ ತೀರಿಸಬೇಕಾದ ಸಾಲ. ಸಾಲ ಕೊಟ್ಟವರು ನಾವು. ಕೊಟ್ಟವರೇ ಕೈಮುಗಿದು ನಿಂತಿದ್ದೇವೆ!

ಈ ಸಾಲವನ್ನು ಬ್ರಿಟಿಷರ ಕಾಲದಲ್ಲೇ ಕಾನೂನು ಒಪ್ಪಿಕೊಂಡಿತು. 1923ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. ನೂರು ವರ್ಷ ದಾಟಿ ಬಾಳಿದ ಆ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆ, 2020 ಎಂಬುದರೊಳಗೆ ಒಂದು ಅಧ್ಯಾಯವಾಗಿದೆ. ಆ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಬಟ್ಟೆ ಬದಲಾಗಿದೆ, ಒಳಗಿನ ತಿರುಳು ಹೆಚ್ಚು ಕಡಿಮೆ ಅದೇ.

ಆ ತಿರುಳು ಏನು? ಕೆಲಸದಿಂದಾಗಿ, ಕೆಲಸದ ಹೊತ್ತಿನಲ್ಲಿ ಗಾಯವಾದರೆ ಮಾಲೀಕ ಹೊಣೆ. ಮಾಲೀಕನದೇ ತಪ್ಪು ಅಂತ ನಾವು ಸಾಬೀತು ಮಾಡಬೇಕಾಗಿಲ್ಲ. "ಅವ್ನೇ ಸರಿಯಾಗಿ ನೋಡ್ಕೊಂಡಿಲ್ಲ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ತೂಕಡಿಕೆ ಅಪರಾಧ ಅಲ್ಲ. "ಕುಡಿದಿದ್ದ ಸ್ವಾಮಿ" ಅಂತ ಧಣಿಯ ಕಡೆಯವರು ಮೊದಲು ಎತ್ತುವ ರಾಗ ಇದೆಯಲ್ಲ, ಆಳು ಸತ್ತಿದ್ದರೆ ಅಥವಾ ಜೀವಮಾನಕ್ಕೆ ಪೂರ್ತಿ ದುಡಿಯಲಾರದಂತಾಗಿದ್ದರೆ ಆ ರಾಗವೂ ನಡೆಯುವುದಿಲ್ಲ. "ಒಂದಿನದ ಕೂಲಿಗೆ ಬಂದವ್ನು, ನಮ್ಮ ಆಳೇ ಅಲ್ಲ" ಎಂಬ ಮಾತಿಗಿದ್ದ ಆಸರೆಯನ್ನು 2000ದ ತಿದ್ದುಪಡಿಯೇ ಕಿತ್ತುಹಾಕಿತು.

ಈಗ ಆ ಹತ್ತು ಸಾವಿರವನ್ನು ತಕ್ಕಡಿಗೆ ಹಾಕೋಣ. ಕಾನೂನಿನಲ್ಲಿ ಅಂಗಾಂಗಗಳ ಒಂದು ಪಟ್ಟಿ ಇದೆ. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡ 30 ಹೋಯಿತು. ಒಂದು ಕೈಯ ನಾಲ್ಕು ಬೆರಳು ಹೋದರೆ ಶೇಕಡ 50. ಲೆಕ್ಕ ಹೀಗೆ: ತಿಂಗಳ ಕೂಲಿಯ ಶೇಕಡ 60ನ್ನು ವಯಸ್ಸಿಗೆ ಗೊತ್ತು ಮಾಡಿದ ಅಂಕಿಯಿಂದ ಗುಣಿಸಬೇಕು. ಮೂವತ್ತು ವರ್ಷದವನಿಗೆ ಆ ಅಂಕಿ 207.98. ಅವನ ಕೂಲಿ ತಿಂಗಳಿಗೆ 12,000 ರೂಪಾಯಿ ಅನ್ನಿ. ಅದರ ಶೇಕಡ 60 ಎಂದರೆ 7,200. ಗುಣಿಸಿದರೆ 14,97,456 ರೂಪಾಯಿ. ಇದು ಆಳು ಪೂರ್ತಿ ದುಡಿಯಲಾರದಂತಾದರೆ. ಹೆಬ್ಬೆರಳಿಗೆ ಅದರಲ್ಲಿ ಶೇಕಡ 30: ನಾಲ್ಕು ಲಕ್ಷ ನಲವತ್ತೊಂಬತ್ತು ಸಾವಿರದ ಮೇಲೆ. ಆಸ್ಪತ್ರೆ ಖರ್ಚು ಬೇರೆ. ಧಣಿ ಹಣ್ಣಿನ ಜೊತೆ ತಂದದ್ದು ಹತ್ತು ಸಾವಿರ. ಉಳಿದದ್ದು ಯಾರ ಜೇಬಿನಲ್ಲಿದೆ? ನಾವು ಯಾರಿಗೆ ಕೈಮುಗಿದೆವು?

ಹಾಗಂತ ಕಾನೂನನ್ನು ದೇವರು ಮಾಡಿ ಕೂರಿಸುವವರು ನಾವಲ್ಲ. ಅದೇ ಬೆರಳು ತಿಂಗಳಿಗೆ 6,000 ಕೂಲಿಯವನದ್ದಾದರೆ ಎರಡು ಲಕ್ಷ ಇಪ್ಪತ್ನಾಲ್ಕು ಸಾವಿರಕ್ಕೆ ಇಳಿಯುತ್ತದೆ. ಬೆರಳು ಒಂದೇ, ನೋವು ಒಂದೇ, ಬೆಲೆ ಅರ್ಧ. ಕಡಿಮೆ ಕೂಲಿ ಕೊಟ್ಟು ದೋಚಿದವನಿಗೆ ಕೈ ಕತ್ತರಿಸಿದಾಗಲೂ ರಿಯಾಯಿತಿ! ಹೆಂಗಸಿಗೆ ಗಂಡಸಿಗಿಂತ ಕೂಲಿ ಕಡಿಮೆ, ಆದ್ದರಿಂದ ಅವಳ ಬೆರಳೂ ಅಗ್ಗ. ಜಾತಿ ನೋಡಿ ಕೆಲಸ, ಕೆಲಸ ನೋಡಿ ಕೂಲಿ, ಕೂಲಿ ನೋಡಿ ಬೆರಳಿಗೆ ಬೆಲೆ. ಪಟ್ಟಿಯಲ್ಲಿ ಎಲ್ಲೂ ಜಾತಿಯ ಹೆಸರಿಲ್ಲ, ಗುಣಾಕಾರದ ಒಳಗೆ ಮಾತ್ರ ಅದು ಗಟ್ಟಿಯಾಗಿ ಕೂತಿದೆ. 1938ರಲ್ಲಿ ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕೆಲಸಗಾರರ ಮುಂದೆ ನಿಂತು, ನಿಮಗೆ ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ಶತ್ರುಗಳು ಎಂದು ಬಾಬಾಸಾಹೇಬರು ಹೇಳಿದ್ದು ಸುಮ್ಮನೆ ಅಲ್ಲ. ಈ ಲೆಕ್ಕದಲ್ಲಿ ಎರಡೂ ಒಂದೇ ಹಾಸಿಗೆಯಲ್ಲಿ ಮಲಗಿವೆ.

ಪಟ್ಟಿಯೇ ಕೊನೇ ಮಾತು ಅಂತಲೂ ತಿಳಿಯಬೇಡಿ. 1968ರಲ್ಲಿ ಒಡಿಶಾದಲ್ಲಿ ಸಿನಿಮಾ ಮಂದಿರವೊಂದರ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದ. ಅವನ ಎಡಗೈಯನ್ನು ಮೊಣಕೈ ಮೇಲಕ್ಕೆ ಕತ್ತರಿಸಬೇಕಾಯಿತು. ಒಂದು ಕೈ ತಾನೆ, ಭಾಗಶಃ ಊನ ಅಂತ ಮಾಲೀಕ ಸುಪ್ರೀಂ ಕೋರ್ಟಿನವರೆಗೂ ವಾದ ಒಯ್ದ. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಇದು ಪೂರ್ತಿ ನಷ್ಟ ಎಂದು 1975ರ ಡಿಸೆಂಬರಿನಲ್ಲಿ ಕೋರ್ಟು ಹೇಳಿತು. ಪರಿಹಾರದ ಹೊಣೆ ಹುಟ್ಟುವುದು ಏಟು ಬಿದ್ದ ದಿನವೇ ಎಂದೂ ಹೇಳಿತು. ಅಂದರೆ ಕೇಳಬೇಕಾದ ಪ್ರಶ್ನೆ ಎಷ್ಟು ಮಾಂಸ ಹೋಯಿತು ಅನ್ನುವುದಲ್ಲ. ಎಷ್ಟು ಬದುಕು ಹೋಯಿತು?

ಇನ್ನು ಆ ಹೆಬ್ಬೆಟ್ಟಿನ ಕಾಗದ. "ನನಗೆ ಏನೂ ಬರಬೇಕಾದ್ದಿಲ್ಲ" ಅಂತ ಬರೆಸಿಕೊಂಡು ಹಕ್ಕು ಬಿಡಿಸುವ ಕರಾರು ಕಾನೂನಿನ ಕಣ್ಣಲ್ಲಿ ಅಸಿಂಧು. ರಾಜಿ ಆಗುವುದಾದರೂ ಅದು ಪರಿಹಾರದ ಅಧಿಕಾರಿಯ ಹತ್ತಿರ ನೋಂದಣಿ ಆಗಬೇಕು. ಮೊತ್ತ ತೀರಾ ಕಡಿಮೆ ಅಥವಾ ಮೋಸದಿಂದ ಒಪ್ಪಿಸಿದ್ದು ಅಂತ ಕಂಡರೆ ಆತ ನೋಂದಣಿಯನ್ನೇ ನಿರಾಕರಿಸಬಹುದು. ಆಳು ಸತ್ತಿದ್ದರೆ ಪರಿಹಾರವನ್ನು ಅಧಿಕಾರಿಯಲ್ಲೇ ಠೇವಣಿ ಇಡಬೇಕು. ಹೆಣದ ಮುಂದೆ ನೋಟು ಎಣಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. ಆದ್ದರಿಂದ ಈಗಾಗಲೇ ಹೆಬ್ಬೆಟ್ಟು ಒತ್ತಿದವರೂ ಎದೆಗುಂದಬೇಕಾಗಿಲ್ಲ.

"ನಾನಲ್ಲ, ಕಂಟ್ರಾಕ್ಟರನ್ನ ಕೇಳು" ಎಂಬುದು ಪಟ್ಟಣದ ಧಣಿಗಳ ಜಾಣತನ. ಕಂಟ್ರಾಕ್ಟರಿನ ಮೂಲಕ ತನ್ನ ಕೆಲಸ ಮಾಡಿಸಿಕೊಂಡವನೂ ಹೊಣೆಯೇ. ಅವನು ಮೊದಲು ಕೊಡಲಿ, ಆಮೇಲೆ ಕಂಟ್ರಾಕ್ಟರಿನಿಂದ ವಸೂಲು ಮಾಡಿಕೊಳ್ಳಲಿ. ಅವರಿಬ್ಬರ ನಡುವಿನ ಜಗಳ ನಮ್ಮದಲ್ಲ. ಮ್ಯಾನ್‌ಹೋಲಿಗೆ ಇಳಿದು ಸತ್ತವರ ವಿಷಯದಲ್ಲಂತೂ, ಪರಿಹಾರ 30 ಲಕ್ಷ ರೂಪಾಯಿ ಎಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿತು. ಆ ಗುಂಡಿಗೆ ಇಳಿಯುವ ಜಾತಿ ಯಾವುದು ಅಂತ ಇಲ್ಲಿ ಬರೆಯಬೇಕೆ?

ಇ.ಎಸ್.ಐ. ಇರುವ ಕಾರ್ಖಾನೆಯವರಿಗೆ ದಾರಿ ಬೇರೆ. ಅವರು ಇ.ಎಸ್.ಐ. ಕಚೇರಿಯಲ್ಲಿ ಕೇಳಬೇಕು. 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ಬಾಬಾಸಾಹೇಬರದ್ದಾಗಿತ್ತು. ಅದಾರ್ಕರ್ ವರದಿ ಬಂದದ್ದು ಆಗ, 1944ರಲ್ಲಿ. ಅದರಿಂದಲೇ 1948ರ ಇ.ಎಸ್.ಐ. ಕಾಯ್ದೆ ಹುಟ್ಟಿತು. ಗಾಯವಾಗಿ ಮನೆಯಲ್ಲಿ ಕೂತವನಿಗೆ ಕೂಲಿಯ ಶೇಕಡ 90ರ ಲೆಕ್ಕದಲ್ಲಿ ಹಣ ಬರುತ್ತದೆ ಅಂದರೆ ಅದು ಯಾರ ಕರುಣೆಯೂ ಅಲ್ಲ.

ಹಳ್ಳಿಯ ಮೇಷ್ಟರೇ, ಹಾಸ್ಟೆಲಿನ ಹುಡುಗ ಹುಡುಗಿಯರೇ, ಈ ಮಾತು ನಿಮಗೆ. ಕೇರಿಯಲ್ಲಿ ಅಕ್ಷರ ಬಲ್ಲವರು ನೀವು. ಏಟು ಬಿದ್ದ ಸುದ್ದಿ ಬಂದ ಕೂಡಲೆ ಧಣಿಗಿಂತ ಮೊದಲು ನೀವು ಆಸ್ಪತ್ರೆಯಲ್ಲಿರಬೇಕು. "ಮನೇಲಿ ಜಾರಿಬಿದ್ದ" ಅಂತ ಬರೆಸಲು ಬಿಡಬೇಡಿ. ಎಲ್ಲಿ, ಯಾವ ಕೆಲಸದಲ್ಲಿ, ಎಷ್ಟು ಹೊತ್ತಿಗೆ ಗಾಯವಾಯಿತೆಂದು ಡಾಕ್ಟರ ಪುಸ್ತಕದಲ್ಲಿ ಬರೆಸಿ. ಪೊಲೀಸಿಗೆ ತಿಳಿಸಿ. ಜೊತೆಯಲ್ಲಿ ದುಡಿಯುತ್ತಿದ್ದ ಇಬ್ಬರ ಹೇಳಿಕೆ ಬರೆದಿಟ್ಟುಕೊಳ್ಳಿ. ನಾಳೆ ಅವರಿಗೆ ಬೆದರಿಕೆ ಬರುತ್ತದೆ. ಕೂಲಿ ಎಷ್ಟು ಎಂಬುದಕ್ಕೆ ಚೀಟಿ, ಬ್ಯಾಂಕಿನ ಪುಸ್ತಕ, ಫೋನಿನಲ್ಲಿ ಬಂದ ಹಣದ ಲೆಕ್ಕ, ಏನು ಸಿಕ್ಕರೂ ಹಿಡಿದಿಡಿ. ಮಾಲೀಕನಿಗೆ ಲಿಖಿತ ನೋಟೀಸು ಕೊಡಿ. ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ, ಎರಡು ವರ್ಷದೊಳಗೆ ಅರ್ಜಿ ಹಾಕಿಸಿ. ಒಂದು ತಿಂಗಳಲ್ಲಿ ಹಣ ಕೊಡದಿದ್ದರೆ ಬಡ್ಡಿ ಕೂಡ ಕೇಳಿ. ಸಕಾರಣವಿಲ್ಲದೆ ತಡ ಮಾಡಿದರೆ ಅರ್ಧದಷ್ಟರವರೆಗೆ ದಂಡವೂ ಬೀಳುತ್ತದೆ.

ಒಂದು ಅರ್ಜಿಯಿಂದ ಕ್ರಾಂತಿ ಆಗುತ್ತದಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಅರ್ಜಿ ಹಾಕಿದವನಿಗೆ ನಾಳೆ ಆಲೆಮನೆಯಲ್ಲಿ ಕೆಲಸ ಇಲ್ಲ ಎನ್ನುತ್ತಾರೆ. ಅಂಗಡಿಯಲ್ಲಿ ಸಾಲ ಇಲ್ಲ ಎನ್ನುತ್ತಾರೆ. ಅದಕ್ಕೇ ಅವನೊಬ್ಬನನ್ನೇ ಕಳಿಸಬೇಡಿ ಎನ್ನುತ್ತಿದ್ದೇವೆ. ಕೇರಿಗೆ ಕೇರಿಯೇ ಅವನ ಹಿಂದೆ ಹೋಗಿ ಕಚೇರಿಯ ಮುಂದೆ ನಿಂತ ದಿನ, "ಬುದ್ಧಿ" ಎಂಬ ಮಾತು ಅವನ ಅವ್ವನ ಬಾಯಲ್ಲಿ ನಿಲ್ಲುತ್ತದೆ. ಅಷ್ಟಾದರೆ ಅದು ಸಣ್ಣ ಕೆಲಸ ಅಲ್ಲ.

ಏಕಲವ್ಯನ ಪಕ್ಕದಲ್ಲಿ ಅವತ್ತು ಯಾರೂ ಇರಲಿಲ್ಲ. ಇವತ್ತು ನಾವಿದ್ದೇವೆ. ಉಳಿದಿರುವ ಹೆಬ್ಬೆರಳನ್ನು ಒತ್ತಲೇಬೇಕಾದರೆ ಅರ್ಜಿಯ ಕೆಳಗೆ ಒತ್ತೋಣ.