ಎಲೆ ಒಣಗಿದ ಮ್ಯಾಲೆ ಔಷಧಿ ಯಾಕ?

ಎರಡು ವರ್ಷದ ಹಿಂದೆ ನೀರಮಾನ್ವಿಯ ನಮ್ಮ ಗದ್ದೆಯಲ್ಲಿ ನೆಲ್ಲು ಹೊಡೆಗೆ ಬಂದಾಗ ಎಲೆಗಳು ತುದಿಯಿಂದ ಅಂಚುಗುಂಟ ಒಣಹುಲ್ಲಿನ ಬಣ್ಣಕ್ಕೆ ತಿರುಗಿದವು. ಬೆಂಕಿ ರೋಗ ಅಂದುಕೊಂಡು ಎರಡು ಸಲ ಎಣ್ಣಿ ಹೊಡೆದೆ. ರೊಕ್ಕ ಹೋಯಿತು, ರೋಗ ಹೋಗಲಿಲ್ಲ. ಕಡೆಗೆ ಹಿರಿಯ ರೈತರೊಬ್ಬರು ಎಲೆ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನೊಳಗೆ ಇಳಿಬಿಟ್ಟರು. ಕತ್ತರಿಸಿದ ಕಡೆಯಿಂದ ಹಾಲಿನಂಥ ಎಳೆ ಇಳಿಯಿತು. "ಇದು ಬೆಂಕಿ ರೋಗ ಅಲ್ಲೋ ತಮ್ಮಾ, ದುಂಡಾಣು" ಅಂದರು.

ದುಂಡಾಣು ಅಂದರೆ ಬ್ಯಾಕ್ಟೀರಿಯಾ. ಆಮೇಲೆ ಓದಿ ಕೇಳಿ ತಿಳಕೊಂಡದ್ದು ಇಷ್ಟು: ಇವು ತಮ್ಮತಮ್ಮೊಳಗೆ ಸುದ್ದಿ ಮುಟ್ಟಿಸುತ್ತವೆ. ಬಾಯಿಲ್ಲ, ಒಂದು ನಮೂನೆಯ ಕೊಬ್ಬಿನಾಮ್ಲ ಹೊರಬಿಡುತ್ತವೆ. ನಾಲ್ಕಾರು ಇದ್ದಾಗ ಅದು ಲೆಕ್ಕಕ್ಕಿಲ್ಲ. ಎಲೆಯ ನರದೊಳಗೆ ಸಂಖ್ಯೆ ಬೆಳೆದಂತೆ ಅದೂ ದಟ್ಟವಾಗುತ್ತದೆ. ಆಗ 'ಮಂದಿ ಕೂಡ್ಯಾರ' ಅಂತ ಎಲ್ಲಕ್ಕೂ ತಿಳಿದು, ಒಟ್ಟಿಗೇ ಅಂಟು ಬಿಡುತ್ತವೆ, ಎಲೆಯ ಗೋಡೆ ಕರಗಿಸುವ ರಸ ಬಿಡುತ್ತವೆ. ನೀರಿನ ದಾರಿ ಕಟ್ಟಿ ಎಲೆ ಒಣಗುತ್ತದೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಸುಭದೀಪ್ ಚಟರ್ಜಿ, ರಮೇಶ್ ಸೊಂಟಿ ಅವರು 2002ರಲ್ಲೇ ಒಂದು ಸಂಗತಿ ತೋರಿಸಿದ್ದರು. ಈ ಸುದ್ದಿಗೆ ಬೇಕಾದ ಜೀನ್ ಕೆಡಿಸಿದರೆ ನೆಲ್ಲಿನ ದುಂಡಾಣುವಿಗೆ ರೋಗ ಹಚ್ಚುವ ಶಕ್ತಿಯೇ ಕುಂದುತ್ತದೆ.

ಅಂದ್ರ, ನಮಗೆ ಎಲೆ ಒಣಗಿದ್ದು ಕಾಣೋ ಹೊತ್ತಿಗೆ ಅವುಗಳ ಪಂಚಾಯ್ತಿ ಮುಗಿದಿರ್ತದ. ಆಗ ಸ್ಟ್ರೆಪ್ಟೊಮೈಸಿನ್ ಸುರಿದು ಏನು ಬಂತು? ಅದು ಮನುಷ್ಯರ ಕ್ಷಯಕ್ಕೂ ಕೊಡುವ ಔಷಧಿ. ಬೆಳೆಗೆ ಅದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಕರಡು ಆದೇಶ ಹೊರಡಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

"ಮತ್ತೇನು ಹೊಡಿಯೋಣ?" ಅಂತೀರಿ. ಏನೂ ಬ್ಯಾಡ. ಮಂದಿ ಕೂಡದಂಗ ಮೊದಲೇ ನೋಡಬೇಕು. ಯೂರಿಯಾ ಒಮ್ಮೆಲೇ ಚೆಲ್ಲಬಾರದು, ಕಂತಿನಲ್ಲಿ ಕೊಡಬೇಕು. ನಾಟಿಗೆ ಮುಂಚೆ ಸಸಿಯ ತುದಿ ಕತ್ತರಿಸಬಾರದು, ಆ ಗಾಯವೇ ಅವಕ್ಕೆ ಬಾಗಿಲು. ರೋಗದ ಗದ್ದೆಯ ನೀರು ಇನ್ನೊಂದಕ್ಕೆ ಹರಿಸಬಾರದು. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗ, ಬಂದ ನೀರು ಬ್ಯಾಡ ಅನ್ನೋದು ಎಷ್ಟು ಕಷ್ಟ ಅಂತ ನನಗೂ ಗೊತ್ತು.

ಇನ್ನು ಬೀಜ. ನಾವು ಸೋನಾ ಅನ್ನುವ ಬಿಪಿಟಿ 5204ಕ್ಕೆ ಈ ರೋಗ ಬೇಗ ಹತ್ತುತ್ತದೆ. ಅದಕ್ಕೇ ರೋಗ ತಡೆಯುವ ಮೂರು ಜೀನ್ ಕೂಡಿಸಿದ ಸುಧಾರಿತ ಸಾಂಬಾ ಮಸೂರಿ 2008ರಲ್ಲೇ ಬಿಡುಗಡೆಯಾಗಿದೆ. ಅದನ್ನೂ ಹೈದರಾಬಾದಿನಲ್ಲೇ ಸಿಸಿಎಂಬಿ ಮತ್ತು ಭತ್ತ ಸಂಶೋಧನಾ ಸಂಸ್ಥೆ ಕೂಡಿ ಮಾಡಿದವು. ಔಷಧಿ ಡಬ್ಬಿ ನಮ್ಮೂರಿಗೆ ಬಂದಷ್ಟು ಬೇಗ ಈ ಬೀಜದ ಸುದ್ದಿ ನನ್ನ ತನಕ ಬರಲಿಲ್ಲ.

ಈ ಸಲ ಮೂರು ಎಕರೆಯಲ್ಲಿ ಒಂದು ಎಕರೆಗೆ ಅದನ್ನು ಹಚ್ಚುವವನಿದ್ದೇನೆ. ಮೇಲಿನ ಗದ್ದೆಯ ಅಣ್ಣಾರಿಗೂ ಹೇಳಿದ್ದೇನೆ. ಬೀಜಕ್ಕೆ ಹೂಂ ಅಂದಾರ, ಯೂರಿಯಾ ಮಾತಿಗೆ ಇನ್ನೂ ಒಪ್ಪಿಲ್ಲ.